ಮೌನ ಬೋಧನಾ ಪದ್ಧತಿಯ ಜನಕ

ಮಾಡದ ತಪ್ಪಿಗೆ ಬೈಸಿಕೊಂಡರೆ ಅದನ್ನು ಕಂಡಕಂಡವರಲ್ಲಿ ಹೇಳಿಕೊಂಡು ಹಗುರಾಗಬಹುದು. ಆದರೆ ಮಾಡದ ಒಳ್ಳೆಯ ಕೆಲಸಕ್ಕೆ ಯಾರಾದರೂ ಕರೆದು ಶಾಲು ಹೊದಿಸಿಬಿಟ್ಟರೆ ಆ ಕಷ್ಟವನ್ನು ಯಾರ ಮುಂದೆ ತೋಡಿಕೊಳ್ಳುವುದು? ನನಗೆ ಅಂಥದೊಂದು ಶಾಲು ಬಂದಿದೆ. ಮನೆಯ ಬೀರುವಿನಲ್ಲಿ, ಮೇಲಿನ ಖಾನೆಯಲ್ಲಿದೆ. ಬೀರು ತೆಗೆದಾಗಲೆಲ್ಲ ನಾನು ಅದರ ಕಡೆ ನೋಡದೆ ಕೆಳಗಿನ ಖಾನೆಯ ಅಂಗಿಗಳನ್ನೇ ಹುಡುಕುತ್ತೇನೆ. ಕಳ್ಳನಿಗೆ ಪೊಲೀಸರನ್ನು ಕಂಡರೆ ಹೇಗಾಗುತ್ತದೋ ನನಗೆ ಆ ಶಾಲನ್ನು ಕಂಡರೆ ಹಾಗಾಗುತ್ತದೆ.

ನಾನು ಸಂತೇಬೆನ್ನೂರಿನಿಂದ ಆಚೆಗಿರುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಚನ್ನಗಿರಿಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಶಾಲೆಯಲ್ಲಿ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಬೇಕು. ಆ ಜವಾಬ್ದಾರಿಯನ್ನು ನಾನು ಯಾರೂ ಕೇಳದಿದ್ದರೂ ವಹಿಸಿಕೊಂಡಿದ್ದೆ. ಒಂದು ತುತ್ತಿನಲ್ಲಿ ರುಚಿ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ ಒಂದು ತಟ್ಟೆ ತಿನ್ನುತ್ತಿದ್ದೆ. ಆಮೇಲೆ ಮೊದಲ ಪೀರಿಯಡ್ಡೇ ಎಂಟನೇ ತರಗತಿ. ನೀವೇ ಹೇಳಿ, ಹೊಟ್ಟೆಯೊಳಗೆ ಬಿಸಿ ಅನ್ನ ಸಾಂಬಾರು, ತಲೆಯ ಮೇಲೆ ಕಿರ್ರೆನ್ನುವ ಫ್ಯಾನು, ಕೂರಲು ಕೈ ಇರುವ ಕುರ್ಚಿ; ಯಾವ ಋಷಿ ಎಚ್ಚರವಾಗಿರುತ್ತಾನೆ? ಹೊನ್ನಾಳಿಯಲ್ಲಿ ನಾನು ಓದುವಾಗ ನಮಗೊಬ್ಬರು ಡ್ರಾಯಿಂಗ್ ಮೇಷ್ಟ್ರಿದ್ದರು. ಅವರು ಬಂದವರೇ ಬೋರ್ಡಿನ ಮೇಲೆ ಒಂದು ಹೂಜಿ ಬರೆದು, "ಇದನ್ನ ಬರೀರಿ, ಯಾರಾದ್ರೂ ಬಂದ್ರೆ ಎಬ್ಬಿಸ್ರಿ" ಎಂದು ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಅವರ ನಿದ್ದೆಯಲ್ಲಿ ಪ್ರಾಮಾಣಿಕತೆ ಇತ್ತು. ನನ್ನದರಲ್ಲಿ ಅದೂ ಇರಲಿಲ್ಲ. ನಾನು, "ಯಾರಾದರೂ ಬೋರ್ಡಿಗೆ ಬಂದು ಈ ಲೆಕ್ಕ ಬಿಡಿಸಿ ನೋಡೋಣ" ಎಂದು ಹೇಳಿ, ಗಮನವಿಟ್ಟು ಕೇಳುವವನ ಹಾಗೆ ಗಲ್ಲಕ್ಕೆ ಕೈಕೊಟ್ಟು ಕಣ್ಣು ಮುಚ್ಚುತ್ತಿದ್ದೆ.

ಬೋರ್ಡಿಗೆ ಬರುತ್ತಿದ್ದವಳು ರೇಣುಕಾ. ತೆಳ್ಳಗಿನ ಹುಡುಗಿ, ದೊಡ್ಡ ದನಿ. ಮೊದಲ ದಿನ ಒಂದು ಲೆಕ್ಕ ಬಿಡಿಸಿದಳು. ಮರುದಿನ ಎರಡು. ತಿಂಗಳು ಕಳೆಯುವಷ್ಟರಲ್ಲಿ ಅವಳು ಪಾಠವನ್ನೇ ಮಾಡುತ್ತಿದ್ದಳು. ತಪ್ಪಾದರೆ ಹಿಂದಿನ ಬೆಂಚಿನವರು ಕೂಗುತ್ತಿದ್ದರು, ಇವಳು ವಾದಿಸುತ್ತಿದ್ದಳು, ಕೊನೆಗೆ ಯಾರೋ ಎದ್ದು ಬಂದು ಸರಿಮಾಡುತ್ತಿದ್ದರು. ಇದೆಲ್ಲ ನನಗೆ ದೂರದ ಸಂತೆಯ ಗದ್ದಲದ ಹಾಗೆ ಕೇಳಿಸುತ್ತಿತ್ತು. ಒಂದು ದಿನ ಗದ್ದಲ ಜಾಸ್ತಿಯಾಗಿ ಎಚ್ಚರವಾಯಿತು. ಕಣ್ಣು ತೆರೆಯುವ ಮೊದಲೇ ರೇಣುಕಾಳ ಪಿಸುಮಾತು ಕಿವಿಗೆ ಬಿತ್ತು: "ಏಯ್, ಸದ್ದು ಮಾಡಬ್ಯಾಡ್ರೋ. ಸರ್ ಎದ್ರೆ ಅವರೇ ಪಾಠ ಮಾಡಾಕೆ ಬರ್ತಾರೆ." ಇಡೀ ತರಗತಿ ಹೆದರಿ ಸುಮ್ಮನಾಯಿತು. ನಾನು ಕಣ್ಣು ತೆರೆಯಲಿಲ್ಲ. ತೆರೆಯಲು ಮುಖವಿರಲಿಲ್ಲ. ಹಾಗೆ ಮುಚ್ಚಿಕೊಂಡಿದ್ದಾಗ, ನಾಚಿಕೆಯ ನಡುವೆಯೇ, ಮತ್ತೆ ನಿದ್ದೆ ಬಂದುಬಿಟ್ಟಿತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಂಟನೇ ತರಗತಿಯವರು ಗಣಿತದಲ್ಲಿ ಯಾವ ವರ್ಷವೂ ಇಲ್ಲದಷ್ಟು ಚೆನ್ನಾಗಿ ಬರೆದರು. ಒಂದೇ ಒಂದು ಪ್ರಶ್ನೆಯನ್ನು ಮಾತ್ರ ಎಲ್ಲರೂ ಒಗ್ಗಟ್ಟಾಗಿ ಬಿಟ್ಟಿದ್ದರು. ಅಚ್ಚಿನಲ್ಲಿ ಏನೋ ತಪ್ಪಿರಬೇಕೆಂದುಕೊಂಡು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹೆಡ್ಮಾಸ್ಟರು ಕರೆದು, "ಚಂದ್ರಪ್ಪೋರೇ, ಏನು ಮಾಡಿದ್ರಿ ಈ ಹುಡುಗ್ರಿಗೆ?" ಎಂದು ಕೇಳಿದರು. ನಿಜ ಹೇಳುವುದಾದರೆ "ಏನೂ ಮಾಡಲಿಲ್ಲ" ಎನ್ನಬೇಕಿತ್ತು. ಅದನ್ನೇ ಹೇಳಿದೆ ಕೂಡ. ಆದರೆ ಹೇಳುವಾಗ ಸ್ವಲ್ಪ ನಕ್ಕೆ. ಆ ನಗುವೇ ಕೆಡಿಸಿತು. ಅವರು ಅದನ್ನು ವಿನಯ ಎಂದುಕೊಂಡರು. "ಹಂಗಲ್ಲ, ಏನೋ ಹೊಸಾದು ಐತೆ. ಜಿಲ್ಲೆ ಕಾರ್ಯಾಗಾರದಾಗೆ ಹೊಸ ಬೋಧನಾ ವಿಧಾನದ ಮೇಲೆ ಪ್ರಬಂಧ ಕೇಳ್ಯಾರೆ. ಬರೀರಿ" ಎಂದರು. ನಾನು ಮನೆಗೆ ಹೋಗಿ ಬರೆದೆ. ತರಗತಿಯಲ್ಲಿ ಆಗುತ್ತಿದ್ದುದನ್ನೇ ಬರೆದೆ. ಒಂದು ವಿಷಯ ಬಿಟ್ಟೆ, ಒಂದು ಹೆಸರು ಬಿಟ್ಟೆ. ವಿಷಯ ನನ್ನ ನಿದ್ದೆ. ಹೆಸರು ರೇಣುಕಾ. "ಶಿಕ್ಷಕನು ಉದ್ದೇಶಪೂರ್ವಕವಾಗಿ ಮೌನ ವಹಿಸಿ, ವಿದ್ಯಾರ್ಥಿಗಳು ತಪ್ಪುಗಳನ್ನು ತಾವೇ ಕಂಡುಕೊಳ್ಳುವಂತೆ ಮಾಡುವುದು" ಎಂದು ಬರೆಯುತ್ತ ಬರೆಯುತ್ತ ನನಗೇ ಆ ಶಿಕ್ಷಕನ ಮೇಲೆ ಗೌರವ ಬಂತು. ಮೌನ ಬೋಧನಾ ಪದ್ಧತಿ ಎಂದು ಹೆಸರಿಟ್ಟೆ. ದಾವಣಗೆರೆಯ ಕಾರ್ಯಾಗಾರದಲ್ಲಿ ಓದಿದಾಗ ಸಭೆ ಚಪ್ಪಾಳೆ ತಟ್ಟಿತು. ಶಾಲು ಬಂದದ್ದು ಅಲ್ಲಿ. ಅದಾದ ಮೇಲೆ ನನ್ನ ಮಧ್ಯಾಹ್ನದ ನಿದ್ದೆಗೆ ಒಂದು ರೀತಿಯ ಸರ್ಕಾರಿ ಮಂಜೂರಾತಿ ಸಿಕ್ಕಂತಾಗಿ, ಇನ್ನಷ್ಟು ಗಾಢವಾಯಿತು.

ಸಂಕ್ರಾಂತಿ ಕಳೆದ ವಾರ ಒಬ್ಬ ಹೆಣ್ಣುಮಗಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೈಮುಗಿದಳು. ಜಗಳೂರಿನ ಕಡೆಯ ಶಾಲೆಯೊಂದರ ಗಣಿತದ ಟೀಚರು, ಹೆಸರು ಸುಜಾತಾ. ಕಾರ್ಯಾಗಾರದಲ್ಲಿ ನನ್ನ ಪ್ರಬಂಧ ಕೇಳಿದ್ದಳಂತೆ. ಒಂದು ದಿನ ರಜೆ ಹಾಕಿ, ಎರಡು ಬಸ್ಸು ಹಿಡಿದು, ಒಂದು ಆಟೋ ಹತ್ತಿ ಬಂದಿದ್ದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. "ಅವ್ವ ಶೇಂಗಾ ಹೋಳಿಗೆ ಮಾಡಿಕೊಟ್ಟಾಳ್ರಿ ಸರ್, ಗುರುಗಳಿಗೆ ಕೊಡು ಅಂತ" ಎಂದಳು. ಗುರುಗಳು ಡಬ್ಬಿ ತೆಗೆದುಕೊಂಡರು. ಆಮೇಲೆ ಅವಳು ಒಂದು ನೋಟ್‌ಬುಕ್ ತೆಗೆದಳು. ಮೂರು ತಿಂಗಳಿಂದ ದಿನವೂ ತನ್ನ ತರಗತಿಯಲ್ಲಿ ಏನಾಯಿತು, ಯಾರು ತಪ್ಪು ಮಾಡಿದರು, ಯಾರು ಹಿಡಿದರು, ತಾನು ಎಲ್ಲಿ ತಡೆಯಲಾರದೆ ಬಾಯಿ ಹಾಕಿದೆ ಎಂದು ಒಂದೊಂದನ್ನೂ ಬರೆದಿಟ್ಟಿದ್ದಳು.

"ಒಂದೇ ಕಷ್ಟ ಸರ್" ಎಂದಳು. "ಹುಡುಗ್ರು ಬೋರ್ಡ್ ಮ್ಯಾಲೆ ತಪ್ಪು ಬರೀತಿರ್ತಾರೆ, ನನಗೆ ಕಾಣ್ತಿರ್ತೈತೆ. ಸುಮ್ಮನಿರಾಕೆ ಆಗಂಗಿಲ್ಲ. ಎದೆ ಡಬಡಬ ಅಂತೈತೆ. ಸೆರಗಿನ ತುದಿ ಹಲ್ಲಿನಾಗೆ ಕಚ್ಕಂಡು ನಿಂತಿರ್ತೀನಿ. ನೀವು ಹೆಂಗೆ ತಡ್ಕಂತೀರಿ?"

ಆಗಲಾದರೂ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಕನ್ನಡಕ ತೆಗೆದು ಒರೆಸಿ, "ಅದಕ್ಕೆ ಸಾಧನೆ ಬೇಕು ಮೇಡಂ" ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಡಿಗೆರೆ ಬೇರೆ ಎಳೆದಳು.

ಆ ದಿನ ನಾನು ಊಟದ ರುಚಿ ನೋಡಲಿಲ್ಲ. ತರಗತಿಗೆ ಇಬ್ಬರೂ ಹೋದೆವು. ಸುಜಾತಾ ಹಿಂದಿನ ಬೆಂಚಿನಲ್ಲಿ ಕುಳಿತಳು. ನಾನು ಕುರ್ಚಿಯಲ್ಲಿ, ಎರಡೂ ಕಣ್ಣು ಬಿಟ್ಟುಕೊಂಡು ಕುಳಿತೆ. ಮಕ್ಕಳು ನನ್ನನ್ನು ನೋಡಿ ಒಬ್ಬರಿಗೊಬ್ಬರು ಸನ್ನೆ ಮಾಡಿದರು; ಸರ್‌ಗೆ ಹುಷಾರಿಲ್ಲವೇನೋ ಎಂಬ ಕಳವಳ. ರೇಣುಕಾ ಬಂದು ಲೆಕ್ಕ ಶುರುಮಾಡಿದಳು. ನನ್ನದೇ ಪದ್ಧತಿಯನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಎಷ್ಟು ಚೆನ್ನಾಗಿತ್ತು! ಎರಡನೇ ಸಾಲಿನಲ್ಲೇ ಅವಳು ಒಂದು ಚಿಹ್ನೆ ತಪ್ಪಿದಳು. ನನಗೆ ತಡೆಯಲಾಗಲಿಲ್ಲ, "ಮೈನಸ್! ಮೈನಸ್!" ಎಂದು ಕೂಗಿ ಎದ್ದುಬಿಟ್ಟೆ. "ಇರ್ರಿ ಸರ್, ಅವರೇ ಹಿಡೀತಾರೆ, ನೀವು ಕುಂತ್ಕಳ್ರಿ" ಎಂದಳು ರೇಣುಕಾ. ಕುಳಿತೆ. ಸುಜಾತಾ ನೋಟ್‌ಬುಕ್ಕಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು.

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಬಂದು, "ನಾನೊಂದು ಲೆಕ್ಕ ಕೊಡ್ಲಾ?" ಎಂದು ಬೋರ್ಡಿನ ಮೇಲೆ ಎರಡರ ಘಾತ ಮೈನಸ್ ಮೂರು ಎಂದು ಬರೆದಳು. ಅಷ್ಟು ಹೊತ್ತು ಹಾರಾಡುತ್ತಿದ್ದ ಮಕ್ಕಳು ಬೆಂಚು ನೋಡತೊಡಗಿದರು.

"ಈ ಪಾಠ ಆಗಿಲ್ವಾ?"

"ಆಗಿದೆ, ಆಗಿದೆ, ಜುಲೈನಲ್ಲೇ ಆಗಿದೆ" ಎಂದೆ ನಾನು.

ರೇಣುಕಾ ಸೀಮೆಸುಣ್ಣವನ್ನು ಬೆರಳುಗಳ ನಡುವೆ ತಿರುಗಿಸುತ್ತ, "ಇಲ್ಲ ಸರ್. ಬಿಟ್ಟೀವಿ" ಎಂದಳು.

"ಯಾಕಮ್ಮ?" ಎಂದೆ.

"ನನಗೇ ತಿಳೀಲಿಲ್ಲ. ಎರಡನ್ನ ಮೂರು ಸಲ ಗುಣಿಸಬೌದು. ಮೈನಸ್ ಮೂರು ಸಲ ಗುಣಿಸಾದು ಹೆಂಗೆ ಅಂತ ಗೊತ್ತಾಗ್ಲಿಲ್ಲ. ನಿಮ್ಮನ್ನ ಎಬ್ಬಿಸಿ ಕೇಳಾನ ಅಂತ ಕುರ್ಚಿ ತಾವ ಬಂದಿದ್ದೆ ಸರ್." ಅವಳು ತಲೆ ತಗ್ಗಿಸಿದಳು. "ಪಾಪ ಅನ್ನಿಸ್ತು. ವಾಪಸ್ ಹೋದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆ ಮಗು ದೂರು ಹೇಳುತ್ತಿರಲಿಲ್ಲ. ತಾನು ಪಾಠ ಬಿಟ್ಟ ತಪ್ಪಿಗೆ ನನ್ನ ಹತ್ತಿರ ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಿದ್ದಳು. ಪರೀಕ್ಷೆಯಲ್ಲಿ ಎಲ್ಲರೂ ಆ ಒಂದು ಪ್ರಶ್ನೆಯನ್ನು ಏಕೆ ಬಿಟ್ಟಿದ್ದರೆಂದು ಆಗ ನನಗೆ ಹೊಳೆಯಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೇಲಿನವರ ಹತ್ತಿರ ಎಷ್ಟೋ ಸಲ ಬೈಸಿಕೊಂಡಿದ್ದೇನೆ, ಒಂದು ಸಲ ನೋಟಿಸೂ ಬಂದಿತ್ತು. ಅವೆಲ್ಲ ಒಂದು ಕಡೆ, ಆ "ಪಾಪ" ಒಂದು ಕಡೆ.

ಸುಜಾತಾ ತನ್ನ ಕೈಯಲ್ಲಿದ್ದ ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದಳು. ನಾನು ಎದ್ದೆ. ಎಷ್ಟೋ ತಿಂಗಳ ಮೇಲೆ ಬೋರ್ಡಿನ ಮುಂದೆ ನಿಂತಿದ್ದರಿಂದ ಅಕ್ಷರಗಳು ಸೊಟ್ಟಗೆ ಬಂದವು. ಎರಡರ ಘಾತ ಮೂರು ಎಂದರೆ ಎಂಟು, ಘಾತ ಎರಡು ಎಂದರೆ ನಾಲ್ಕು, ಘಾತ ಒಂದು ಎಂದರೆ ಎರಡು ಎಂದು ಕೆಳಗೆ ಕೆಳಗೆ ಬರೆದು, "ಪ್ರತಿ ಸಲ ಏನಾಗ್ತಿದೆ?" ಎಂದು ಕೇಳಿದೆ. "ಅರ್ಧ ಆಗ್ತೈತೆ" ಎಂದರು. "ಹಾಗಾದರೆ ಇನ್ನೂ ಕೆಳಗೆ ಇಳಿಯಿರಿ" ಎಂದು ಹೇಳಿ, ನಾನು ನಿಜವಾಗಿ ಸುಮ್ಮನೆ ನಿಂತೆ. ಸುಜಾತಾ ಹೇಳಿದ್ದು ಸರಿ. ಎದೆ ಡಬಡಬ ಎನ್ನುತ್ತದೆ. ಒಂದು, ಅರ್ಧ, ಕಾಲು ಎಂದು ಇಳಿಯುತ್ತ ಇಳಿಯುತ್ತ ರೇಣುಕಾಳೇ "ಎಂಟನೇ ಒಂದು!" ಎಂದು ಚೀರಿದಳು. ಮರುಕ್ಷಣವೇ ಅವಳ ಮುಖ ಸಣ್ಣದಾಯಿತು. "ಇಷ್ಟೇನಾ ಸರ್? ಇಷ್ಟಕ್ಕಾ ನಾವು ಆರು ತಿಂಗ್ಳಿಂದ ಹೆದರ್ಕಂಡಿದ್ವಿ?"

ಸಂಜೆ ಸುಜಾತಾಳ ಜೊತೆ ಆಟೋ ನಿಲ್ಲುವ ಕಡೆಗೆ ನಡೆದೆ. ದಾರಿಯ ಪಕ್ಕದ ಕಣದಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ಅವಳು ಏನಾದರೂ ಕೇಳುವ ಮೊದಲೇ ನಾನೇ ಎಲ್ಲವನ್ನೂ ಹೇಳಿದೆ, ಆ 'ಸಾಧನೆ'ಯ ಮಾತೂ ಸೇರಿ.

"ಅಂದ್ರೆ ಸರ್" ಎಂದಳು, "ನೀವು ಮಲಗಿ ಮಾಡಿದ್ದನ್ನ ನಾನು ಮೂರು ತಿಂಗಳಿಂದ ಎದ್ದು ನಿಂತು ಮಾಡಾಕೆ ಒದ್ದಾಡ್ತಿದ್ದೆ ಅನ್ರಿ."

"ತಪ್ಪಾಯ್ತು ಮೇಡಂ. ನಿಲ್ಲಿಸಿಬಿಡಿ."

"ಯಾಕೆ ನಿಲ್ಲಿಸ್ಲಿ? ನನ್ನ ಹುಡುಗ್ರು ಕಲೀತಾ ಅದಾರೆ. ನಿಮ್ಮ ಹುಡುಗ್ರೂ ಕಲ್ತಾರೆ. ಒಂದು ಪಾಠ ಬಿಟ್ಟು." ಆಟೋ ಬಂತು. ಹತ್ತಿ ಕುಳಿತು, "ಆ ಹುಡುಗಿ ಹೆಸರು ಬರೀರಿ ಸರ್" ಎಂದಳು. ಡಬ್ಬಿ ವಾಪಸ್ ಕೊಡಲು ಹೋದೆ. "ಇರ್ಲಿ, ಆ ಹುಡುಗ್ರಿಗೆ ಹಂಚ್ರಿ" ಎಂದಳು. ಅದರಲ್ಲಿ ಎರಡು ಹೋಳಿಗೆಗಳು ಆಗಲೇ ಕಡಿಮೆಯಾಗಿದ್ದವೆಂಬುದನ್ನು ಮಾತ್ರ ನಾನು ಅವಳಿಗೆ ಹೇಳಲಿಲ್ಲ.

ಮರುದಿನ ಹೆಡ್ಮಾಸ್ಟರಿಗೆ ಹೇಳಿದೆ. ಅವರು ಬಾಗಿಲು ಹಾಕಿಸಿ ಸಾಕಷ್ಟು ಬೈದರು. ಕಾರ್ಯಾಗಾರದವರಿಗೆ ಪತ್ರ ಬರೆದೆ: ಮೌನವೆಂದು ನಾನು ಕರೆದದ್ದು ನಿದ್ದೆ, ಪಾಠ ಮಾಡಿದವಳು ರೇಣುಕಾ, ದಯವಿಟ್ಟು ಪ್ರಬಂಧದಲ್ಲಿ ತಿದ್ದಿ. ರೇಣುಕಾಗೆ ಈ ವಿಷಯ ಹೇಳಿದರೆ ಅವಳು ಗಾಬರಿಯಾದಳು: "ನನ್ನ ಹೆಸರು ಬ್ಯಾಡ ಸರ್. ಸಾಲಿಗೆ ಕಲಿಯಾಕೆ ಹೋಗಿದ್ಯೋ ಮೇಷ್ಟ್ರಿಕೆ ಮಾಡಾಕೆ ಹೋಗಿದ್ಯೋ ಅಂತ ಅಪ್ಪ ಬೈತಾರೆ." ಅವಳ ಅಪ್ಪನಿಗೆ ಸಮಾಧಾನ ಹೇಳಲು ನಾನೇ ಅವರ ಮನೆಗೆ ಹೋಗಬೇಕಾಯಿತು. ಈಗ ಆ ಪೀರಿಯಡ್ಡಿನಲ್ಲಿ ನಾನು ಗೋಡೆಗೊರಗಿ ನಿಂತಿರುತ್ತೇನೆ. ಮಕ್ಕಳು ಸಿಕ್ಕಿಹಾಕಿಕೊಂಡಾಗ ಕೇಳುತ್ತಾರೆ, ಆಗ ಹೇಳುತ್ತೇನೆ. ಕೇಳದಿದ್ದಾಗಲೂ ಆಗಾಗ ಹೇಳಿಬಿಡುತ್ತೇನೆ. ಆಗ ರೇಣುಕಾ ನನ್ನನ್ನು ನೋಡುವ ನೋಟದಲ್ಲಿ, ಇವರು ಮಲಗಿದ್ದಾಗಲೇ ವಾಸಿ ಇತ್ತು ಎಂಬ ಭಾವ ಸ್ಪಷ್ಟವಾಗಿ ಕಾಣುತ್ತದೆ.

ಪತ್ರಕ್ಕೆ ಉತ್ತರವಾಗಿ ಕಾರ್ಯಾಗಾರದವರೊಬ್ಬರು ಫೋನ್ ಮಾಡಿದರು. ಛೀಮಾರಿಗೆ ಸಿದ್ಧನಾಗಿ ಎದ್ದು ನಿಂತು ಫೋನ್ ಹಿಡಿದೆ. "ಎಂಥ ಆತ್ಮಾವಲೋಕನ ಸರ್! ಮುಂದಿನ ಸಲ ಶಿಕ್ಷಕರ ಪ್ರಾಮಾಣಿಕತೆ ಬಗ್ಗೆ ನೀವೇ ಮಾತಾಡ್ಬೇಕು" ಎಂದರು. ನಾನು ಖಡಾಖಂಡಿತವಾಗಿ ಬೇಡವೆಂದೆ. ಹಾಗೆ ಬೇಡವೆಂದದ್ದನ್ನು ಅಂದೇ ಸ್ಟಾಫ್ ರೂಮಿನಲ್ಲಿ ನಾಲ್ವರಿಗೆ ಹೇಳಿದೆ, ಸಂಜೆ ಹೆಂಡತಿಗೆ ಹೇಳಿದೆ, ನ್ಯಾಮತಿಯಲ್ಲಿರುವ ಭಾವಮೈದುನನಿಗೆ ಫೋನ್ ಮಾಡಿ ಹೇಳಿದೆ. "ಒಪ್ಪಿಕೊಂಡಿದ್ರೆ ಒಂದು ಸಲ ಹೇಳಿ ಮುಗಿಸ್ತಿದ್ರಿ" ಎಂದಳು ಹೆಂಡತಿ. ಆ ದಿನದಿಂದ ಈ ವಿಷಯ ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ಇದನ್ನು ಬರೆದಿದ್ದೇನೆ.