ಮಾಳಿಗೆಯ ಮೇಲಿನ ಪ್ರವಚನ

ಶಹಾಬಜಾರದ ಸೂರ್ಯಕಾಂತರ ಮನೆಯನ್ನು ಕೊರಿಯಾ ದೇಶವು ಒಂದೇ ಒಂದು ಗುಂಡು ಹಾರಿಸದೆ ವಶಪಡಿಸಿಕೊಂಡಿತ್ತು. ಸಂಜೆಯಾದರೆ ಸಾಕು, ಹೆಂಡತಿ ಶೀಲಾ, ಮಗಳು ಪ್ರೀತಿ ಇಬ್ಬರೂ ಹಿಂದಿಯಲ್ಲಿ ಮಾತಾಡುವ ಕೊರಿಯಾದ ಧಾರಾವಾಹಿಯ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದರು. ಒಲೆಯ ಮೇಲೆ ಬೇಳೆ ಸೀದು ಕರಕಲಾಗಲಿ, ಅರಮನೆಯ ಅಡುಗೆ ಹುಡುಗಿಯ ಪ್ರೇಮ ಏನಾಯಿತು ಎಂಬುದೇ ಅವರ ಚಿಂತೆ. ಸೂರ್ಯಕಾಂತರಾದರೋ ಸಂಸ್ಕಾರವಂತರು. ದಿನಾ ಬೆಳಿಗ್ಗೆ ಮೊಬೈಲು ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಾಳಿಗೆಯ ಮೇಲೆ ಒಂದು ತಾಸು ಪ್ರವಚನ ಕೇಳುತ್ತಿದ್ದರು. (ಕೆಳಗಿಳಿಯುವಾಗ ಕಣ್ಣು ಒದ್ದೆಯಾಗಿರುತ್ತಿದ್ದವು. ಭಕ್ತಿ ಎಂದರೆ ಹಾಗೆ.)

ಇಂಥ ಮನೆಗೆ ಕಮಲಾಪುರದ ಭಾಗಮ್ಮ, ಮಗ ವಿವೇಕಾನಂದನಿಗೆ ಹೆಣ್ಣು ನೋಡಲು ಬರುವವರಿದ್ದರು. ಹುಡುಗ ಕಾಲೇಜು ಮಾಸ್ತರ. ಪ್ರೀತಿಗಂತೂ ಫೋಟೋ ನೋಡಿಯೇ ಮನಸ್ಸಾಗಿತ್ತು.

"ಬೀಗ್ರ ಮುಂದ ಕೊರಿಯಾ ಅನ್ನೋ ಶಬ್ದ ಯಾರ ಬಾಯಾಗೂ ಬರಬಾರದು, ಹೇಳಿಟ್ಟೀನಿ!" ಎಂದು ಸೂರ್ಯಕಾಂತರು ರಾಜಾಜ್ಞೆ ಹೊರಡಿಸಿದರು. ಗೋಡೆಯ ಮೇಲಿದ್ದ ಕೊರಿಯಾದ ಚೆಲುವನನ್ನು ಕಿತ್ತು ಕಪಾಟಿನ ಹಿಂದೆ ಗಡಿಪಾರು ಮಾಡಿದರು.

ಭಾಗಮ್ಮ ಬಂದರು. ಹೆಣ್ಣು ಒಪ್ಪಿದರೆ ಅಲ್ಲೇ ಉಡಿ ತುಂಬಿ ಹೋಗುವುದೆಂದು ಕುಬಸದ ಬಟ್ಟೆ, ತೆಂಗಿನಕಾಯಿ, ತಮ್ಮೂರ ಕೆಂಪು ಬಾಳೆಹಣ್ಣು ಎಲ್ಲ ಚೀಲದಲ್ಲಿ ತಂದಿದ್ದರು. ಚಹಾ ಕುಡಿದು, ಪ್ರೀತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು:

"ಕೊರಿಯಾದ ಸೀರಿಯಲ್ ನೋಡ್ತೀಯೇನವಾ?"

ಪ್ರೀತಿ ಅಪ್ಪನ ಮುಖ ನೋಡಿದಳು. "ಇಲ್ರೀ."

"ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರೀ. ಇವರಂತೂ ಪ್ರವಚನ ಬಿಟ್ಟು ಬ್ಯಾರೆ ಕೇಳಂಗೇ ಇಲ್ಲ," ಎಂದು ಶೀಲಾ ಒಗ್ಗರಣೆ ಹಾಕಿದರು.

ಭಾಗಮ್ಮನ ಮುಖ ಸಪ್ಪಗಾಯಿತು. "ನಮ್ಮ ಮನ್ಯಾಗ ಎಲ್ಲಾ ಗಂಡಸ್ರು, ಸುದ್ದಿ ಬಿಟ್ಟು ಏನೂ ನೋಡಂಗಿಲ್ಲ. ಸೊಸಿಯಾದ್ರೂ ಜೋಡಿ ಆಗ್ತಾಳ ಅಂದ್ಕೊಂಡಿದ್ದೆ. ಆ ಅರಮನಿ ಅಡಗಿ ಹುಡುಗಿ ವಿಷ ಕುಡದು ಸತ್ತಾಗ ಒಬ್ಬಾಕೀನೇ ಎರಡು ದಿನ ಅತ್ತೀನ್ರಿ. ಮುಂದ ನೋಡ್ಲಿಕ್ಕೆ ಧೈರ್ಯನೇ ಬರವಲ್ದು." ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಇರ್ಲಿ, ವಿಚಾರ ಮಾಡಿ ತಿಳಸ್ತೀವಿ."

ಹೆಣ್ಣು ಹೆತ್ತವರಿಗೆ ಈ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಪ್ರೀತಿಯ ಕಣ್ಣು ತುಂಬಿದವು. ಸೂರ್ಯಕಾಂತರಿಗೆ ಮಾತ್ರ ಬೇರೊಂದು ಮಾತು ಗಂಟಲಲ್ಲಿ ಕುಣಿಯುತ್ತಿತ್ತು, ಎಷ್ಟು ಹಿಡಿದರೂ ನಿಲ್ಲಲಿಲ್ಲ.

"ಆಕಿ ಸತ್ತಿಲ್ರೀ!" ಎಂದು ಕೂಗಿಯೇಬಿಟ್ಟರು. "ಅದು ವಿಷ ಅಲ್ಲ, ನಿದ್ದಿ ಔಷಧ! ಹದಿನೈದನೇ ಕಂತಿನ್ಯಾಗ ಪೆಟ್ಟಿಗಿಯಾಗಿಂದ ಎದ್ದು ಬರ್ತಾಳ. ರಾಜಕುಮಾರ ಆಕೀನ್ನ ನೋಡಿ..." ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

"ಖರೇನ್ರಿ ಬೀಗ್ರ?" ಎಂದು ಭಾಗಮ್ಮ ಎದ್ದೇ ನಿಂತರು.

"ಖರೇರಿ. ತಪ್ಪು ನಂದು, ನಿಮಗ ಹೆದರಿ ನಾನೇ ಮುಚ್ಚಿಡ್ರಿ ಅಂದಿದ್ದೆ. ಇವರಿಬ್ಬರೂ ದಿನಾ ಅದರ ಮುಂದೇ ಇರ್ತಾರ."

ಭಾಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಚೀಲ ಬಿಚ್ಚಿತು, ಪ್ರೀತಿಯ ಉಡಿ ತುಂಬಿತು.

ಬೀಗರನ್ನು ಬಸ್ಸಿಗೆ ಹತ್ತಿಸಿ ಬಂದ ಸೂರ್ಯಕಾಂತರು ನೋಡುತ್ತಾರೆ, ಶೀಲಾ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಾರೆ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು: "ಹುಚ್ಚಿ, ಅಳಬ್ಯಾಡ. ಕಮಲಾಪುರ ಏನು ದೂರ? ಒಂದು ತಾಸಿನ ದಾರಿ. ಮನಸ್ಸು ಬಂದಾಗ ಮಗಳನ್ನ ನೋಡಿ ಬರೋಣು."

ಶೀಲಾ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ಅವರ ಮುಂದೆ ಕುಕ್ಕಿದರು. "ತಗೋರಿ, ಇವತ್ತ ಇದೇ ಊಟ! ಮಗಳ ಸಲುವಾಗಿ ಯಾರು ಅಳಾಕತ್ತಾರ? ನಾವಿನ್ನೂ ಹನ್ನೊಂದನೇ ಕಂತಿನ್ಯಾಗ ಇದ್ದೀವ್ರಿ!"