ಕ್ರಿಸಾಂತೊನ ಮೌನವ್ರತ

ಕ್ರಿಸಾಂತೊ ಮಗ್ಬನುವನಿಗೆ ಆ ಗುಡ್ ಫ್ರೈಡೆಯ ದಿನ ಒದಗಿದ ಕಷ್ಟಕ್ಕೆಲ್ಲ ಕಾರಣ ಇಷ್ಟೇ: ಅವನು ಬಾಯಿ ಮುಚ್ಚಿಕೊಂಡಿದ್ದ. ಬೇರೆಯವರು ಬಾಯಿ ಮುಚ್ಚಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕ್ರಿಸಾಂತೊ ಸ್ಟಾಕ್‌ಟನ್ನಿನಲ್ಲಿ ಕಟಿಂಗ್ ಶಾಪ್ ಇಟ್ಟವನು. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಕಿವಿ ಮಂದವಾದ ಮುದುಕರು ಅವನ ಕುರ್ಚಿಯಲ್ಲಿ ಕೂರುವ ಮುಂಚೆಯೇ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಬಾಯಿಗೆ ಬೀಗ ಹಾಕಿಸಿದವರು ಅವನ ಗುರು ತಾತಾಯ್ ಪನ್ಯೊಂಗ್. ತಾತಾಯ್ ಅಂದರೆ ಅಪ್ಪ. ಎಂಬತ್ತೆಂಟು ವರ್ಷ. ಸಾಗರದಾಚೆಯ ಪನಾಯ್ ದ್ವೀಪದಿಂದ ಬಂದು, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಆಸ್ಪರಾಗಸ್ ತರಕಾರಿ ಕೊಯ್ದೂ ಕೊಯ್ದೂ ಬೆನ್ನು ಬಾಗಿದವರು. ಅವರ ಕೈಗೆ ಒಂದು ಬೆತ್ತ ಕೊಟ್ಟರೆ ಮಾತ್ರ ಆ ಬೆನ್ನು ನೆಟ್ಟಗಾಗುತ್ತಿತ್ತು. ಮೂವತ್ತು ವರ್ಷಗಳಿಂದ ತಮ್ಮ ಗ್ಯಾರೇಜಿನಲ್ಲೇ ಊರಿನ ದೊಣ್ಣೆವರಸೆ ಎಸ್ಕ್ರಿಮವನ್ನು ಹೇಳಿಕೊಡುತ್ತಿದ್ದರು. ಕಾರು ನಿಲ್ಲಬೇಕಾದ ಜಾಗದಲ್ಲಿ ಬಾಲಯೇಸುವಿನ ಪೀಠ, ಗೋಡೆಯ ತುಂಬ ಬೆತ್ತ. ಕಾರು ಪಾಪ, ಬಿಸಿಲಲ್ಲೇ ಬಣ್ಣ ಕಳೆದುಕೊಂಡಿತ್ತು.

ಕ್ರಿಸಾಂತೊ ಅಲ್ಲಿಗೆ ಕಾಲಿಟ್ಟು ಹನ್ನೆರಡು ವರ್ಷವಾಗಿತ್ತು. ಮೊದಲ ದಿನ ತಾತಾಯ್ ಅವನ ಗೆಣ್ಣಿನ ಮೇಲೆ ನಾಲ್ಕು ಬಿಗಿದು, ಆಮೇಲೆ ಒಳಗೆ ಕರೆದು ಅನ್ನ, ಒಣಮೀನು ಬಡಿಸಿದ್ದರು. ಪರದೇಶಕ್ಕೆ ಬಂದ ಮೇಲೆ ತನ್ನವರೆಂದು ಒಬ್ಬರು ಬೈದದ್ದು, ಉಣಿಸಿದ್ದು ಅಂದೇ. ಅವತ್ತಿನಿಂದ ಅವನಿಗಿದ್ದದ್ದು ಒಂದೇ ಆಸೆ. ಗುರುವಿನಿಂದ ಒಬ್ಬನೇ ಶಿಷ್ಯನ ಕಿವಿಗೆ ಹೋಗುವ ಗುಟ್ಟಿನ ಪ್ರಾರ್ಥನೆ ತನಗೆ ಸಿಗಬೇಕು. ಅದು ಸಿಕ್ಕವನೇ ಮುಂದಿನ ಗುರು.

ಹೋದ ವಾರ ತಾತಾಯ್ ಕರೆದು ಹೇಳಿದ್ದರು. "ನೋಡು ತೊತೊ, ಗುಡ್ ಫ್ರೈಡೆ ಬೆಳಗಿನಿಂದ, ಯೇಸು ಪ್ರಾಣಬಿಟ್ಟ ಮೂರು ಗಂಟೆ ತನಕ ಒಂದು ಮಾತೂ ಆಡಬಾರದು. ಬರೆದು ತೋರಿಸಬಾರದು. ಯಾಕೆ ಅಂತ ಯಾರಿಗೂ ಹೇಳಬಾರದು. ಮೂರಕ್ಕೆ ಸರಿಯಾಗಿ ಬಂದು ನನ್ನ ಮುಂದೆ ಕೂರು. ಕೊಡ್ತೀನಿ."

"ಅಷ್ಟೇನಾ ತಾತಾಯ್?"

"ನಿನಗೆ ಅದೇ ಜಾಸ್ತಿ."

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಎದುರುಮನೆಯ ರೊಸೆಂಡಾ, ಬೀದಿಗೆಲ್ಲ ಮನಾಂಗ್ ಅಂದರೆ ಅಕ್ಕ, ಬಟ್ಟಲು ಹಿಡಿದು ಬಂದಳು. ಗೆಣಸು, ಬಾಳೆಹಣ್ಣು, ತೆಂಗಿನಹಾಲು ಹಾಕಿ ಆ ದಿನಕ್ಕೆಂದೇ ಮಾಡುವ ಪಾಯಸ. ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸು. ಬೀದಿಯಲ್ಲಿ ಯಾರಿಗೆ ಎಷ್ಟು ಸಕ್ಕರೆ, ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ, ಎಲ್ಲ ಆಕೆಗೆ ಗೊತ್ತು. ಆಕೆಗೆ ಗೊತ್ತಾದದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತು.

"ತೊತೊ, ಹೆಂಡತಿ ಊರಿಂದ ಯಾವಾಗ ಬರ್ತಾಳೆ?"

ಕ್ರಿಸಾಂತೊ ನಕ್ಕ.

"ಅವಳಮ್ಮನ ಮಂಡಿನೋವು ಹೇಗಿದೆ?"

ಮತ್ತೆ ನಕ್ಕ. ರೊಸೆಂಡಾ ಬಟ್ಟಲು ಕೆಳಗಿಟ್ಟಳು. ಅವಳ ಮುಖ ಆಸ್ಪತ್ರೆಯ ಮುಖವಾಯಿತು.

"ಇನ್ನೊಂದ್ಸಲ ನಗು, ನೋಡೋಣ."

ಹೆದರಿಕೆಯಲ್ಲಿ ನಕ್ಕರೆ ಯಾರ ನಗುವೂ ಸೊಟ್ಟಗೇ ಇರುತ್ತದೆ.

"ಎರಡೂ ಕೈ ಮೇಲೆತ್ತು."

ಎಡಗೈ ಎದ್ದಿತು. ಬುಧವಾರದ ಅಭ್ಯಾಸದಲ್ಲಿ ಬೆತ್ತದೇಟು ತಿಂದ ಬಲಭುಜ ಅರ್ಧಕ್ಕೇ ನಿಂತಿತು.

"ನಿನ್ನ ಹೆಸರು ಹೇಳು."

ಕ್ರಿಸಾಂತೊ ಚಾವಣಿ ನೋಡಿದ.

"ಅಯ್ಯೋ ದೇವರೇ! ಮುಖ ಸೊಟ್ಟ, ಕೈ ಜೋಲು, ಮಾತಿಲ್ಲ! ಲೂರ್ದೆಸ್! ಕೊರಾಸೋನ್! ಓಡಿಬನ್ನಿ, ತೊತೊಗೆ ಪಾರ್ಶ್ವವಾಯು ಹೊಡೆದಿದೆ!"

ಬೇರೆ ಬೀದಿಯಾಗಿದ್ದರೆ ಜನ ಬರಲು ಹೊತ್ತಾಗುತ್ತಿತ್ತು. ಈ ಬೀದಿಯ ಹದಿನಾಲ್ಕು ಮನೆಯಲ್ಲಿ ಒಂಬತ್ತು ಜನ ನರ್ಸುಗಳು. ಎರಡು ನಿಮಿಷದಲ್ಲಿ ಎಡತೋಳಿಗೊಂದು ಬಲತೋಳಿಗೊಂದು ಬಿಪಿ ಪಟ್ಟಿ ಬಿತ್ತು. ಒಬ್ಬಳು ಕಣ್ಣಿಗೆ ಟಾರ್ಚ್ ಬಿಟ್ಟಳು. ಇನ್ನೊಬ್ಬಳು ಅಂಗಾಲಿಗೆ ಕೀಲಿಕೈಯಿಂದ ಗೀರಿದಳು. ಕ್ರಿಸಾಂತೊ ಜೋರಾಗಿ ತಲೆಯಾಡಿಸಿದ.

"ಫಿಟ್ಸೂ ಬಂತು ನೋಡ್ರೇ!" ಅಂದಳು ಲೂರ್ದೆಸ್.

ಎದ್ದು ಹಿಂಬಾಗಿಲ ಕಡೆ ಓಡಿದ. ಹನ್ನೆರಡು ವರ್ಷ ಕಲಿತ ವರಸೆಯೆಲ್ಲ ಬೆತ್ತ ಹಿಡಿದ ಒಬ್ಬ ಎದುರಾಳಿಗೆ ಸರಿ. ಹಾಸಿಗೆ ಬಿಟ್ಟು ಓಡುವ ರೋಗಿಗಳನ್ನು ಹಿಡಿದೇ ಅನ್ನ ಸಂಪಾದಿಸಿದ ನಾಲ್ವರು ಹೆಂಗಸರಿಗೆ ಅದರಲ್ಲಿ ಉತ್ತರವಿರಲಿಲ್ಲ. ಆಂಬುಲೆನ್ಸ್ ಬಂದಾಗ ಅವನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸೋಫಾದ ಮೇಲೆ ಮಲಗಿಸಿದ್ದರು.

ಒಂದೇ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಕ್ರಿಸಾಂತೊ ಹಲ್ಲು ಕಚ್ಚಿಕೊಂಡ.

ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿಸಿ, ಬೆನ್ನ ಹಿಂದೆ ಎರಡು ದಾರ ಕಟ್ಟುವ ತೆಳು ಅಂಗಿ ತೊಡಿಸಿದರು. ತಲೆಯನ್ನು ಯಂತ್ರದೊಳಗೆ ತೂರಿಸಿದರು. ರಕ್ತ ತೆಗೆದರು. ಹುಡುಗನಂತಿದ್ದ ಡಾಕ್ಟರು ಎರಡೂವರೆಗೆ ಬಂದು, "ಮಿದುಳು ಚೆನ್ನಾಗಿದೆ. ಯಾಕೆ ಮಾತಾಡ್ತಿಲ್ಲವೋ ಗೊತ್ತಾಗ್ತಿಲ್ಲ. ಮನಸ್ಸಿನ ಡಾಕ್ಟರನ್ನ ಕರೆಸೋಣ" ಅಂದರು. ಬಟ್ಟೆಯ ಚೀಲ ರೊಸೆಂಡಾಳ ಕೈಯಲ್ಲಿತ್ತು. ರೊಸೆಂಡಾ ಯಾರಿಗೋ ಫೋನಿನಲ್ಲಿ ಅವನ ಮಿದುಳಿನ ವರದಿ ಒಪ್ಪಿಸುತ್ತಿದ್ದಳು. ಕ್ರಿಸಾಂತೊ ಬರಿಗಾಲಲ್ಲಿ ಮೆಟ್ಟಿಲಿಳಿದ.

ಒಂದು ಕೈಯಲ್ಲಿ ಅಂಗಿಯ ಹಿಂಭಾಗ ಹಿಡಿದುಕೊಂಡು ಏಳು ಬೀದಿ ಓಡಿದ. ಪೊಲೀಸರೊಬ್ಬರು ಕಾರು ನಿಧಾನಿಸಿ ಏನೋ ಕೇಳಿದರು. ಶಿಲುಬೆ ಹೊತ್ತವನ ಹಾಗೆ ತಲೆ ತಗ್ಗಿಸಿ ಮುಂದೆ ಹೋದ. ದಿನ ಅಂಥದ್ದಾದ್ದರಿಂದ ಅವರೂ ಬಿಟ್ಟರು.

ಮೂರಕ್ಕೆ ಐದು ನಿಮಿಷವಿತ್ತು. ತಾತಾಯ್ ಗ್ಯಾರೇಜ್ ಗುಡಿಸುತ್ತಿದ್ದರು. ಕ್ರಿಸಾಂತೊ ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡು, ಮಂಡಿಯೂರಿ ಕೂತ. ಬಾಗಿಲಾಚೆ ಕಾಣುವ ಚರ್ಚಿನ ಗೋಪುರದ ಗಡಿಯಾರ ಮೂರು ತೋರಿಸುವವರೆಗೂ ಕಣ್ಣು ಮುಚ್ಚಲಿಲ್ಲ.

"ತಾತಾಯ್! ಗೆದ್ದೆ! ಒಂದಕ್ಷರ ಆಡಲಿಲ್ಲ! ಸೂಜಿ ಚುಚ್ಚಿದರು, ಫಿಟ್ಸು ಅಂದರು, ಹುಚ್ಚ ಅಂದರು. ಆಡಲಿಲ್ಲ! ಕೊಡಿ, ಈಗ ಕೊಡಿ!"

ತಾತಾಯ್ ಪೊರಕೆ ಗೋಡೆಗೆ ಒರಗಿಸಿದರು. "ಏನು ಕೊಡಲಿ? ನಿನ್ನೆ ರಾತ್ರಿ ಮೇಣದಬತ್ತಿ ಹಚ್ಚಿಟ್ಟು ಕಾದೆ. ನೀನು ಬರಲಿಲ್ಲ."

"ನಿನ್ನೆ ರಾತ್ರಿನಾ? ನೀವು ಶುಕ್ರವಾರ ಮೂರಕ್ಕೆ ಅಂದಿದ್ರಿ!"

"ಹೌದು. ನಮ್ಮೂರಲ್ಲಿ ಶುಕ್ರವಾರ ಮೂರಾದಾಗ ಇಲ್ಲಿ ರಾತ್ರಿ ಹನ್ನೆರಡು. ನನ್ನ ಗುರು, ಅವರ ಗುರು, ಎಲ್ಲ ಅದೇ ಗಳಿಗೆಯಲ್ಲಿ ಹೇಳಿದ್ದು. ಅಲ್ಲಿ ಈಗ ಶನಿವಾರ ಬೆಳಗಾಗಿದೆ. ಕೋಳಿ ಕೂಗಿದ ಮೇಲೆ ಹೇಳಿದರೆ ಯಾವ ದೇವರು ಕೇಳ್ತಾನೆ?"

ಕ್ರಿಸಾಂತೊಗೆ ಅಳು ಬಂತು. ಪ್ರತಿ ಭಾನುವಾರ ಊರಿಗೆ ಫೋನ್ ಮಾಡಲು ಬೆರಳೆಣಿಸಿ ಹೊತ್ತು ನೋಡುವವನೇ ತಾನು.

"ಹಾಗಾದರೆ ಬರೋ ವರ್ಷ?"

"ಜೀವಮಾನದಲ್ಲಿ ಒಂದೇ ಸಲ ಕೊಡೋದು, ತೊತೊ. ಕೊಟ್ಟಾಯ್ತು."

"ಯಾರಿಗೆ?"

"ಆ ಗಳಿಗೆಗೆ ಸರಿಯಾಗಿ ಬಂದವರಿಗೆ. ಬಂದಳು, ಎದುರಿಗೆ ಕೂತಳು, ನನ್ನ ಕೈ ಹಿಡಿದಳು, ತುಟಿಪಿಟಿಕ್ಕೆನ್ನಲಿಲ್ಲ. ದೇವರೇ ಕಳಿಸಿದ ಅಂದುಕೊಂಡೆ."

ಹೊರಗೆ ಕಾರಿನ ಬಾಗಿಲು ದಡ್ ಎಂದಿತು. ಬಟ್ಟೆಯ ಚೀಲ ಹಿಡಿದು ರೊಸೆಂಡಾ ಒಳಗೆ ನುಗ್ಗಿದಳು. "ಎಲ್ಲಿಗೆ ಓಡಿಬಂದೆಯೋ ಮಾರಾಯ!"

ತಾತಾಯ್ ಆಕೆಯತ್ತ ಗದ್ದ ಎತ್ತಿ ತೋರಿಸಿ, "ನಿನ್ನೆ ರಾತ್ರಿ ಬಂದವಳು ಇವಳೇ" ಅಂದರು.

"ಓ, ನಿನ್ನೆ ರಾತ್ರಿಯದಾ?" ಅಂದಳು ರೊಸೆಂಡಾ. "ಡ್ಯೂಟಿ ಮುಗಿಸಿ ಬರ್ತಿದ್ದೆ. ದೀಪ ಉರೀತಿತ್ತು. ಮುದುಕರ ನಾಡಿ ನೋಡಿಹೋಗೋಣ ಅಂತ ಬಂದೆ. ನಾಡಿ ಎಣಿಸುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತಲ್ಲ?"

"ಮನಾಂಗ್, ನಿಮ್ಮ ಕಾಲು ಹಿಡೀತೀನಿ. ಅವರು ಕಿವಿಯಲ್ಲಿ ಏನು ಹೇಳಿದರು?"

ರೊಸೆಂಡಾ ಬಾಯಿ ತೆರೆದಳು. ಇಡೀ ಬೀದಿಯಲ್ಲಿ ಒಬ್ಬರ ಗುಟ್ಟನ್ನೂ ಉಳಿಸದ ಬಾಯಿ ಅದು. ತೆರೆದ ಹಾಗೆಯೇ ಮೆಲ್ಲಗೆ ಮುಚ್ಚಿಕೊಂಡಿತು.

"ಅದೊಂದು ಹೇಳೋ ಹಾಗಿಲ್ಲಂತೆ, ತೊತೊ."

"ತಾತಾಯ್, ಇವರಿಗೆ ಬೆತ್ತ ಹಿಡಿಯೋದಕ್ಕೂ ಬರಲ್ಲ!"

"ಅದಕ್ಕೇ ನೀನಿರೋದು," ಅಂದರು ತಾತಾಯ್. "ನಾಳೆಯಿಂದ ದಿನಾ ಎರಡು ಗಂಟೆ ಕಲಿಸು. ಬೇಗ ಕಲೀತಾಳೆ, ಕೈ ಗಟ್ಟಿ ಇದೆ. ಈಗ ಗುರುವಿಗೆ ನಮಸ್ಕಾರ ಮಾಡು."

ರೊಸೆಂಡಾ ಸಂಕೋಚಪಡುತ್ತಲೇ ಬಲಗೈ ಮುಂದೆ ಚಾಚಿದಳು. ಎರಡು ಕೈಯಿಂದ ಹಿಡಿದು ಹಣೆಗೆ ಒತ್ತಿಕೊಳ್ಳುವುದು ಪದ್ಧತಿ. ಕ್ರಿಸಾಂತೊ ಅಂಗಿಯ ಹಿಂಭಾಗವನ್ನು ಬಿಟ್ಟು, ಎರಡು ಕೈಯಿಂದ ಆ ಕೈ ಹಿಡಿದು ಬಗ್ಗಿದ. ಅವನ ಬೆನ್ನ ಹಿಂದೆ, ತೆರೆದ ಗ್ಯಾರೇಜ್ ಬಾಗಿಲ ಹೊರಗೆ, ಅವನ ಆರೋಗ್ಯ ವಿಚಾರಿಸಲೆಂದು ಹಿಂದೆಯೇ ಬಂದಿದ್ದ ಎಂಟು ಜನ ನರ್ಸುಗಳು ನಿಂತಿದ್ದರು.