ಹವಾಲ್ದಾರನಾಗಲೊಲ್ಲದ ವರ

"ಸರಕಾರ ಬಡ್ತಿ ಕೊಡ್ತೀನಿ ಅಂದ್ರ ಒಲ್ಲೆ ಅಂದಾನಂತ್ರೀ ಇವ! ಇಂಥ ಹೇಡಿಗೆ ನನ್ನ ಮಗಳನ್ನ ಕೊಡ್ಲಿ?"

ಚನ್ನವೀರಪ್ಪ ಹೀಗೆ ಅಬ್ಬರಿಸಿದ್ದು ಮಗಳ ನಿಶ್ಚಿತಾರ್ಥದ, ಅಂದರೆ ಸಾಕರಪುಡೆಯ ನಡುವೆ, ಅಕ್ಕಲಕೋಟೆಯ ಅರ್ಧ ಪೇಟೆಯೇ ಜಮಖಾನೆಯ ಮೇಲೆ ಕೂತಿದ್ದಾಗ. ನಿಶ್ಚಯದ ಸಕ್ಕರೆ ಪುಡಿಕೆಯನ್ನು ವರ ಭೀಮಶಾನ ಕೈಗಿಡಬೇಕಾದವನು ಅದನ್ನು ತೊಡೆಯ ಕೆಳಗೆ ತುರುಕಿಕೊಂಡ, ಕಾವಿಗೆ ಕೂತ ಕೋಳಿಯಂತೆ.

ಎಪ್ಪತ್ತೊಂದರ ಯುದ್ಧದಲ್ಲಿ ತೋಳಿಗೆ ಗುಂಡು ಬಿದ್ದರೂ ಬಂದೂಕು ಬಿಡದ ಭೀಮಶಾ ಹೇಡಿಯಂತೆ! ಈಗವನು ಸೋಲಾಪುರದಲ್ಲಿ ಕಾಲೇಜು ಹುಡುಗರಿಗೆ ಎನ್.ಸಿ.ಸಿ. ಕವಾಯತು ಕಲಿಸುವ, ತೋಳಿಗೆ ಎರಡು ಪಟ್ಟಿಯ ಫೌಜಿ ನಾಯಕ್. ಬಡ್ತಿ ಪಡೆದು ಮೂರು ಪಟ್ಟಿಯ ಹವಾಲ್ದಾರನಾದರೆ ನಾಗಾಲ್ಯಾಂಡಿನ ಪಲ್ಟನ್ನಿಗೆ ಹೋಗಬೇಕು. ಮದುವೆಯಾಗಿ ಇಂದುಬಾಯಿಯೊಡನೆ ಸೋಲಾಪುರದಲ್ಲೇ ಇರುವ ಆಸೆಗೆ ಬಡ್ತಿ ಬೇಡವೆಂದಿದ್ದ. ಹೆಣ್ಣು ನೋಡಲು ಬಂದ ದಿನ ಅವಳೊಬ್ಬಳಿಗೆ ಮಾತ್ರ ಅದನ್ನು ಹೇಳಿದ್ದ. ಈಗ ಎಲ್ಲರಿಗೂ ಹೇಳಲು ಬಾಯಿ ತೆರೆದ. ಕೇಳುವುದಕ್ಕೆ ಈ ಊರಲ್ಲಿ ಯಾರಿಗೆ ಕಿವಿಯಿದೆ? ಇರುವುದೆಲ್ಲ ಬಾಯಿ.

"ತೋಳಿಗೆ ಮೂರು ಪಟ್ಟಿ ಇದ್ರ ಲಗ್ನದ ಫೋಟೋಕ್ಕ ಕಳಾ ಬರ್ತದವ್ವಾ," ಎಂದಳು ಪಕ್ಕದ ಮನೆ ಸಕ್ಕುಬಾಯಿ.

"ಎರಡು ಪಟ್ಟಿ ಬ್ಯಾಂಡ್ ಬಾರ್ಸೋರ ತೋಳಿಗೂ ಅದಾವ," ಎಂದ ದರ್ಜಿ ಕಾಮಣ್ಣ.

ಒಳಬಾಗಿಲಲ್ಲಿ ಇಂದುಬಾಯಿ ಕಣ್ಣಲ್ಲೇ ತಡೆಯೆಂದಳು. ಸಿಟ್ಟಿನಲ್ಲಿ ಭೀಮಶಾನಿಗೆ ಅದು ಕಾಣಲಿಲ್ಲ.

"ಸಂಜಿ ಒಳಗ ಹವಾಲ್ದಾರ ಆಗಿ ಬಾ. ಇಲ್ಲಾಂದ್ರ ಈ ಹೊಸ್ತಲಾ ತುಳೀಬ್ಯಾಡ!" ಎಂದ ಚನ್ನವೀರಪ್ಪ.

ಹಣೆಯ ಕುಂಕುಮ, ಕೊರಳ ಹಾರದೊಂದಿಗೇ ಭೀಮಶಾ ಸೋಲಾಪುರದ ಬಸ್ಸು ಹತ್ತಿದ. ಕೂರಲು ಜಾಗವಿಲ್ಲ. ದಾರಿಯುದ್ದಕ್ಕೂ ಯಾರದೋ ಮೇಕೆ ಅವನ ಹಾರ ತಿಂದಿತು. "ಮದುಮಗಳೆಲ್ಲಿ?" ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದ. ಭೀಮಶಾ ಅವನನ್ನು ನೋಡಿದ ನೋಟಕ್ಕೆ ಮೇಕೆಯೂ ಅಗಿಯುವುದನ್ನು ನಿಲ್ಲಿಸಿತು.

ಸೋಲಾಪುರದಲ್ಲಿ ಅವನ ಕ್ಯಾಪ್ಟನ್ ಸಾಹೇಬರು ಅವನು ಬಡ್ತಿಗೆ ಒಪ್ಪಿದ ಸುದ್ದಿ ಕೇಳಿ ಕುರ್ಚಿಯಿಂದೆದ್ದರು. ಬಡ್ತಿ ಒಲ್ಲೆನ್ನುವ ಜವಾನರು ಅವರ ತಲೆ ತಿಂದಿದ್ದರು. ಸಾಹೇಬರು ಬೈದಿದ್ದರು, ರಮ್ ಕುಡಿಸಿದ್ದರು, ಬಿಸಿಲಲ್ಲಿ ಓಡಿಸಿದ್ದರು, ಒಬ್ಬನೂ ಬಗ್ಗಿರಲಿಲ್ಲ.

"ಶಾಬಾಶ್! ನಾನು ತಿಂಗಳುಗಟ್ಟಲೆ ಹೆಣಗಿದ್ದನ್ನ ನಿನ್ನ ಮಾವ ಒಂದೇ ಮಾತಲ್ಲಿ ಮಾಡಿದರೇ? ಅವರನ್ನೇ ಫೌಜಿಗೆ ಭರ್ತಿ ಮಾಡಿಕೊಳ್ಳಬೇಕು!" ಎಂದು ಹಿಂದಿಯಲ್ಲಿ ಹೇಳಿ ನಕ್ಕು, ಅಲ್ಲೇ ತೋಳಿಗೆ ಮೂರು ಪಟ್ಟಿ ಕಟ್ಟಿಸಿದರು. "ನಾಳೆಯೇ ಹೊರಡು. ಮೂರು ವರ್ಷ. ಇನ್ನು ಮನಸ್ಸು ಬದಲಿಸಿದರೆ ಜೈಲು."

ಸಂಜೆ ಅಕ್ಕಲಕೋಟೆಯಲ್ಲಿ ಚನ್ನವೀರಪ್ಪ ಬಾಗಿಲಲ್ಲೇ ನಿಂತಿದ್ದ, ಮುಖದ ತುಂಬ ನಗೆ.

"ಬರ್ರಿ ಅಳಿಯಂದ್ರ! ನಮ್ಮ ಇಂದು ಎಲ್ಲಾ ಹೇಳಿದ್ಲು. ನನ್ನ ಮಗಳ ಸಲುವಾಗಿ ಬಡ್ತಿ ಒದ್ದಂಥಾ ಗಂಡು ಈ ಜಿಲ್ಲಾದಾಗ ಇನ್ನೊಬ್ಬ ಇಲ್ಲ!"

"ಮುಂಜಾನಿಂದ ನಾ ಅದನ್ನ ಹೇಳಾಕತ್ತೀನಿ," ಎಂದಳು ಸಕ್ಕುಬಾಯಿ, ನಾಚಿಕೆಯಿಲ್ಲದೆ.

ಭೀಮಶಾ ತೋಳಿನ ಪಟ್ಟಿ ತೋರಿಸಿದ. "ಬಡ್ತಿ ತೊಗೊಂಡು ಬಂದೀನ್ರಿ ಮಾವಾರ. ನಾಳೆ ನಾಗಾಲ್ಯಾಂಡಿಗೆ. ಮೂರು ವರ್ಷ."

ಇಂದುಬಾಯಿಯ ಮುಖ ಸುಟ್ಟ ರೊಟ್ಟಿಯಂತಾಯಿತು. "ಅಪ್ಪನ್ನ ಒಪ್ಪಿಸಾಕ ದಿನಾ ಪೂರಾ ಗಂಟಲ ಹರ್ಕೊಂಡೇನ್ರಿ. ನನ್ನ ಒಂದು ಮಾತ ಕೇಳಿ ಹೋಗಾಕ ಬರ್ತಿರಲಿಲ್ಲೇನು?" ಎಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಮೂರು ವರ್ಷ!" ಚನ್ನವೀರಪ್ಪ ಓಣಿಗೆಲ್ಲ ಕೇಳುವಂತೆ ಕೂಗಿದ. "ಬಡ್ತಿ ಆಸೇಕ್ಕ ಕಟ್ಕೊಳ್ಳೋ ಹೆಣ್ಣನ್ನ ಬಿಟ್ಟು ಹೊಂಟೀಯಲ್ಲೋ! ಇಂಥಾ ಆಸೆಬುರುಕನ ಮನೀಗೆ ಹೆಣ್ಣ ಕೊಡಂಗಿಲ್ಲ. ಮಾತಾಡು!"

ಭೀಮಶಾ ಒಂದು ಹೆಜ್ಜೆ ಮುಂದಿಟ್ಟ. ಮರುಕ್ಷಣ ಬೆನ್ನು ತಿರುಗಿಸಿ, ಇದಕ್ಕಿಂತ ನಾಗಾಲ್ಯಾಂಡೇ ವಾಸಿಯೆಂಬಂತೆ, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟ.